'ಬೇಗ ನಡೀರಿ' ಎಂದರೆ ಮಿದುಳು ಕೇಳುತ್ತದೆಯೇ?

ಮಾನ್ಯರೇ,

ನಮ್ಮ ವೃತ್ತದಲ್ಲಿ ರಸ್ತೆ ದಾಟುತ್ತಿದ್ದ ಹಿರಿಯರಿಗೆ ಸ್ಕೂಟರ್ ಗುದ್ದಿದ ಸುದ್ದಿ (ನಿನ್ನೆಯ ಸಂಚಿಕೆ) ಓದಿದೆವು. 'ವಯಸ್ಸಾದವರು ಗಮನವಿಟ್ಟು ಬೇಗ ದಾಟಬೇಕು' ಎಂದು ಅಧಿಕಾರಿಗಳು ಅಪ್ಪಣೆ ಕೊಡಿಸಿದ್ದಾರೆ. ಸಂತೋಷ. ಹಾಗೆಯೇ ಮಿದುಳಿಗೂ ಒಂದು ಸುತ್ತೋಲೆ ಹೊರಡಿಸಿಬಿಡಲಿ.

ಇಲ್ಲಿ ರಸ್ತೆಯ ಅಗಲ 14 ಮೀಟರ್, ಪಾದಚಾರಿಗಳ ಹಸಿರು ದೀಪ 12 ಸೆಕೆಂಡು. ಸೆಕೆಂಡಿಗೆ 1.2 ಮೀಟರ್ ನಡೆಯುವ ಗಟ್ಟಿಮುಟ್ಟಾದವರ ಲೆಕ್ಕ ಇದು. ಎಪ್ಪತ್ತೈದು ದಾಟಿದ ಅನೇಕರ ವೇಗ 0.8 ಮೀಟರ್, ಅವರಿಗೆ ಹದಿನೇಳೂವರೆ ಸೆಕೆಂಡು ಬೇಕು. ದೀಪ ನೋಡಿ ಮೊದಲ ಹೆಜ್ಜೆ ಎತ್ತಲು ಇನ್ನೆರಡು. ಜೊತೆಗೆ ಫುಟ್‌ಪಾತಿನಿಂದ ಇಳಿಯುವಲ್ಲಿ ಒಂದಡಿ ಎತ್ತರದ ಕಲ್ಲು.

ಈ ನಿಧಾನಕ್ಕೆ ಮಂಡಿನೋವೊಂದೇ ಕಾರಣವಲ್ಲ. ಬಿ.ಪಿ., ಸಕ್ಕರೆ ಕಾಯಿಲೆ ವರ್ಷಗಟ್ಟಲೆ ಕಾಡಿದರೆ ಮಿದುಳಿನ ಸಣ್ಣ ರಕ್ತನಾಳಗಳು ಪೆಡಸಾಗಿ ಒಳಗಿನ ನರತಂತುಗಳು ಹಾಳಾಗುತ್ತವೆ. ಎಂಆರ್‌ಐನಲ್ಲಿ ಬಿಳಿ ಮಚ್ಚೆಗಳಾಗಿ ಕಾಣುವುದು ಅದೇ. ಆಗ ತಾನಾಗಿ ಸಾಗುತ್ತಿದ್ದ ನಡಿಗೆಗೂ ಯೋಚನೆ ಬೇಕಾಗುತ್ತದೆ. ನಡಿಗೆ, ಯೋಚನೆ ಎರಡಕ್ಕೂ ಗಮನದ ಒಂದೇ ಗಂಟಿನಿಂದ ಖರ್ಚು. ನಡೆಯುವಾಗ ಮಾತಾಡಿಸಿದರೆ ನಿಂತುಬಿಡುವ ವೃದ್ಧರು ಬೀಳುವುದು ಹೆಚ್ಚು ಎಂದು ಸ್ವೀಡನ್ನಿನ ಸಂಶೋಧಕರು 1997ರಲ್ಲೇ ತೋರಿಸಿದ್ದಾರೆ. ನಮ್ಮ ಸಂಚಾರ ಪೊಲೀಸರು ಮಾಡುವುದೇನು? ನಡುರಸ್ತೆಯಲ್ಲಿರುವಾಗಲೇ ಸೀಟಿ ಊದಿ, 'ಏ ತಾತಾ, ಬೇಗ!' ಎನ್ನುತ್ತಾರೆ. ತಾತ ನಿಲ್ಲುತ್ತಾರೆ, ಸದ್ದು ಬಂದ ಕಡೆ ತಿರುಗುತ್ತಾರೆ. ಆಯ ತಪ್ಪುವುದು ಆ ತಿರುವಿನಲ್ಲೇ.

ಔಷಧಿ ಅಂಗಡಿ, ಬ್ಯಾಂಕು, ಪಾರ್ಕು ಎಲ್ಲವೂ ಆಚೆ ಬದಿ. ಸ್ಕೈವಾಕ್ ಇದೆ, ಲಿಫ್ಟಿಗೆ ಬೀಗ. ಚರಂಡಿಯ ಚಪ್ಪಡಿ ಎತ್ತಿದವರು ಮುಚ್ಚಲು ಬರಲೇ ಇಲ್ಲ. ಕಳೆದ ವರ್ಷದ ಹಿರಿಯರ ಆರೋಗ್ಯ ಶಿಬಿರದಲ್ಲಿ ಅರ್ಧ ದಿನ ಸನ್ಮಾನಕ್ಕೇ ಹೋಯಿತು. ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕೂರಲು 12 ಸೆಕೆಂಡು ಅಥವಾ ಹೆಚ್ಚು ಹಿಡಿದರೆ ಬೀಳುವ ಅಪಾಯವಿದೆ ಎಂದರ್ಥ. ಇದನ್ನು ನೋಡಲು ಒಂದು ಕುರ್ಚಿ, ಒಂದು ಗಡಿಯಾರ ಸಾಕು. ಕುರ್ಚಿಗಳೆಲ್ಲ ವೇದಿಕೆಯ ಮೇಲಿದ್ದವು! ಹೆಜ್ಜೆ ನೆಲಕ್ಕಂಟಿದಂತಾಗುವುದು, ಮರೆವು, ಮೂತ್ರ ತಡೆಯಲಾಗದಿರುವುದು ಜೊತೆಯಾಗಿ ಬಂದರೆ ಮಿದುಳಿನಲ್ಲಿ ನೀರು ತುಂಬಿರಬಹುದು; ಆ ನೀರನ್ನು ಬಸಿಯುವ ಕೊಳವೆ (ಶಂಟ್) ಹಾಕಿದರೆ ಹಲವರ ನಡಿಗೆ ಸುಧಾರಿಸುತ್ತದೆ. ಇದನ್ನು ಕೇಳುವವರೇ ಅಲ್ಲಿರಲಿಲ್ಲ. ಬಂದವರಿಗೆಲ್ಲ 'ವಯಸ್ಸಾಯ್ತಲ್ಲ' ಎಂಬ ಉತ್ತರ, ಮೇಲೊಂದು ಕ್ಯಾಲ್ಸಿಯಂ ಮಾತ್ರೆ.

ಹಸಿರು ದೀಪವನ್ನು 25 ಸೆಕೆಂಡಿಗೆ ಏರಿಸಲಿ. ಆಗದಿದ್ದರೆ ಲಿಫ್ಟಿನ ಬೀಗವನ್ನಾದರೂ ತೆಗೆಯಲಿ. ಅದೂ ಆಗದಿದ್ದರೆ ಸಂಬಂಧಪಟ್ಟವರು ಸೀಟಿ ಊದುವುದನ್ನೂ ಹೇಳಿಕೆ ಕೊಡುವುದನ್ನೂ ನಿಲ್ಲಿಸಿ ಸುಮ್ಮನಿರಲಿ.

–ಬಡಾವಣೆಯ ಫಿಸಿಯೊಥೆರಪಿಸ್ಟರು