ಹುಟ್ಟಿದ ನಾಡಲ್ಲ, ಪಾಸ್‌ಪೋರ್ಟ್ ಮುಖ್ಯ

ಮಾನ್ಯ ಸಂಪಾದಕರೇ,

2023ರಲ್ಲಿ ಅಜಯ್ ಬಂಗಾ ವಿಶ್ವ ಬ್ಯಾಂಕ್ ಅಧ್ಯಕ್ಷರಾದಾಗ ನಮ್ಮವರೊಬ್ಬರಿಗೆ ಪಟ್ಟ ಸಿಕ್ಕಿತೆಂದು ಹಿಗ್ಗಿದೆವು. ಹಿಗ್ಗುವುದರಲ್ಲಿ ತಪ್ಪೇನಿಲ್ಲ. ಆದರೆ ಅವರ ಹೆಸರು ಸೂಚಿಸಿದ್ದು ಅಮೆರಿಕದ ಅಧ್ಯಕ್ಷರು. ಎದುರಿಗೆ ಇನ್ನೊಬ್ಬ ಅಭ್ಯರ್ಥಿಯೇ ಇರಲಿಲ್ಲ. ಅಮೆರಿಕದ ಪೌರತ್ವ ಇಲ್ಲದಿದ್ದರೆ ಇದೇ ಬಂಗಾ, ಇಷ್ಟೇ ಅನುಭವವಿದ್ದರೂ, ಆ ಕುರ್ಚಿಯ ಹತ್ತಿರ ಸುಳಿಯುವಂತಿರಲಿಲ್ಲ. ಹಿಂದೆ ಇದೇ ಬ್ಯಾಂಕಿನ ಅಧ್ಯಕ್ಷರಾಗಿದ್ದ ಜಿಮ್ ಯೊಂಗ್ ಕಿಮ್ ಹುಟ್ಟಿದ್ದು ಸೋಲ್‌ನಲ್ಲಿ, ಜೇಮ್ಸ್ ವುಲ್ಫೆನ್ಸನ್ ಸಿಡ್ನಿಯಲ್ಲಿ. ಅಧ್ಯಕ್ಷರಾಗುವ ಹೊತ್ತಿಗೆ ಇಬ್ಬರೂ ಅಮೆರಿಕದ ಪ್ರಜೆಗಳಾಗಿದ್ದರು.

ಅತ್ತ ಅಂತರರಾಷ್ಟ್ರೀಯ ಹಣಕಾಸು ನಿಧಿ ಯುರೋಪಿನ ಪಾಲು. ಅದರ ಮುಖ್ಯಸ್ಥರನ್ನು ವ್ಯವಸ್ಥಾಪಕ ನಿರ್ದೇಶಕರು ಎನ್ನುತ್ತಾರೆ; 1946ರಿಂದ ಈವರೆಗಿನ ಹನ್ನೆರಡು ಮಂದಿಯೂ ಯುರೋಪಿನವರೇ. ಅವರಲ್ಲಿ ಐವರು ಫ್ರಾನ್ಸಿನವರು. ಬ್ಯಾಂಕ್ ಅಮೆರಿಕಕ್ಕೆ, ನಿಧಿ ಯುರೋಪಿಗೆ ಎಂಬ ಈ ಹಂಚಿಕೆ ಎರಡೂ ಸಂಸ್ಥೆಗಳ ನಿಯಮಾವಳಿಯಲ್ಲಿ ಎಲ್ಲೂ ಬರೆದಿಲ್ಲ. ಬರೆದಿದ್ದರೆ ತಿದ್ದುಪಡಿ ಕೇಳಬಹುದಿತ್ತು. ಬರೆಯದೇ ಇರುವುದನ್ನು ತಿದ್ದುವುದು ಹೇಗೆ?

ಬರೆದಿಟ್ಟ ನಿಯಮಗಳ ಗತಿಯಾದರೂ ಏನಾಯಿತು ನೋಡಿ. ನಿಧಿಯ ಮುಖ್ಯಸ್ಥರಾಗುವವರಿಗೆ 65 ವರ್ಷ ತುಂಬಿರಬಾರದು ಎಂದಿತ್ತು. 2011ರಲ್ಲಿ ಇಸ್ರೇಲ್‌ನ ಕೇಂದ್ರ ಬ್ಯಾಂಕ್ ಗವರ್ನರ್ ಸ್ಟ್ಯಾನ್ಲಿ ಫಿಷರ್ ಅರ್ಜಿ ಹಾಕಿದರು. ಅದೇ ನಿಧಿಯಲ್ಲಿ ಎರಡನೇ ಸ್ಥಾನದಲ್ಲಿ ದುಡಿದಿದ್ದವರು. ವಯಸ್ಸು 67 ಎಂದು ಅವರನ್ನು ಕಣದಿಂದಲೇ ಹೊರಗಿಟ್ಟರು. 2019ರಲ್ಲಿ ಯುರೋಪ್ ಆರಿಸಿ ಕಳಿಸಿದ ಕ್ರಿಸ್ಟಲಿನಾ ಜಾರ್ಜೀವಾ ಅವರಿಗೆ 66. ಈ ಸಲ ವಯೋಮಿತಿಯನ್ನೇ ತೆಗೆದುಹಾಕಿದರು! ಜಾರ್ಜೀವಾ ಅಸಮರ್ಥರೆಂದು ನಾನು ಹೇಳುತ್ತಿಲ್ಲ. ವಯೋಮಿತಿಯೇ ಅರ್ಥವಿಲ್ಲದ್ದು, ಹೋಗಿದ್ದು ಒಳ್ಳೆಯದೇ. ಅದು ಯಾರಿಗಾಗಿ ಹೋಯಿತು, ಯಾರಿಗಾಗಿ ಹೋಗಲಿಲ್ಲ ಎಂಬುದಷ್ಟೇ ನನ್ನ ತಕರಾರು.

ಮುಕ್ತ, ಪಾರದರ್ಶಕ, ಅರ್ಹತೆ ಆಧಾರಿತ ಆಯ್ಕೆ ನಡೆಯಬೇಕೆಂದು 2009ರ ಲಂಡನ್ ಜಿ20 ಶೃಂಗಸಭೆ ಒಪ್ಪಿಕೊಂಡಿತ್ತು. ಅಲ್ಲಿಂದೀಚೆಗೆ ನಾಮಪತ್ರಕ್ಕೆ ದಿನಾಂಕ, ಸಂದರ್ಶನ ಎಲ್ಲವೂ ಶಾಸ್ತ್ರಕ್ಕೆ ನಡೆಯುತ್ತಿವೆ. ಆದರೆ ನಿಧಿಯಲ್ಲಿ ಅಮೆರಿಕದ ಮತಪಾಲು, ಅಂದರೆ ಒಟ್ಟು ಮತಗಳಲ್ಲಿ ಅದರ ಪಾಲು, ಸುಮಾರು ಶೇ 16.5, ಯುರೋಪಿನ ದೇಶಗಳದ್ದು ಕೂಡಿ ಶೇ 30ರ ಆಸುಪಾಸು. ಭಾರತದ್ದು ಶೇ 3ಕ್ಕೂ ಕಡಿಮೆ. ಅಮೆರಿಕ, ಯುರೋಪ್ ಕೈ ಜೋಡಿಸಿದರೆ ಉಳಿದವರಿಗೆ ಮಾಡಲು ಹೆಚ್ಚೇನೂ ಉಳಿಯುವುದಿಲ್ಲ. ಹಾಗೆಂದು ಸಮಾನ ಮತವೇ ಮದ್ದು ಎನ್ನಲೂ ಆಗದು. ಒಮ್ಮತದಿಂದ ನಡೆಯುವ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ 2020ರ ಕೊನೆಗೆ ಅಮೆರಿಕವೊಂದೇ ಅಡ್ಡ ನಿಂತು ನೈಜೀರಿಯಾದ ಎನ್‌ಗೋಜಿ ಒಕೊಂಜೊ–ಇವೆಯಾಲ ಅದರ ಮುಖ್ಯಸ್ಥೆಯಾಗುವುದನ್ನು ತಡೆಯಿತು. ವಾಷಿಂಗ್ಟನ್‌ನಲ್ಲಿ ಸರ್ಕಾರ ಬದಲಾದ ಮೇಲಷ್ಟೇ ದಾರಿ ತೆರೆಯಿತು.

ದೊಡ್ಡವರನ್ನು ಮಾತ್ರ ದೂರಿದರೆ ಅರ್ಧ ಸತ್ಯ ಹೇಳಿದಂತಾಗುತ್ತದೆ. 2011ರ ಮೇ ತಿಂಗಳಲ್ಲಿ ಭಾರತ, ಚೀನಾ, ರಷ್ಯಾ, ಬ್ರೆಜಿಲ್, ದಕ್ಷಿಣ ಆಫ್ರಿಕಾ ಪರವಾಗಿ ನಿಧಿಯ ಕಾರ್ಯನಿರ್ವಾಹಕ ಮಂಡಳಿಯಲ್ಲಿದ್ದ ನಿರ್ದೇಶಕರು ಈ ಅಲಿಖಿತ ಪದ್ಧತಿ ಕೊನೆಯಾಗಬೇಕೆಂದು ಜಂಟಿ ಹೇಳಿಕೆ ಕೊಟ್ಟರು. ಮೆಕ್ಸಿಕೊದ ಕೇಂದ್ರ ಬ್ಯಾಂಕ್ ಗವರ್ನರ್ ಅಗಸ್ಟಿನ್ ಕಾರ್ಸ್ಟೆನ್ಸ್ ಕಣದಲ್ಲೂ ಇದ್ದರು. ಜೂನ್ ಮುಗಿಯುವುದರೊಳಗೆ ಚೀನಾ, ರಷ್ಯಾ, ಬ್ರೆಜಿಲ್ ಮೂರೂ ಫ್ರಾನ್ಸಿನ ಕ್ರಿಸ್ಟೀನ್ ಲಗಾರ್ಡ್ ಬೆನ್ನಿಗೆ ನಿಂತವು.

ಬಂಗಾ ಅವರ ಐದು ವರ್ಷ 2028ಕ್ಕೆ ಮುಗಿಯುತ್ತದೆ, ಜಾರ್ಜೀವಾ ಅವರ ಎರಡನೇ ಅವಧಿ 2029ಕ್ಕೆ. ಮತಪಾಲು ಬದಲಿಸಲು ಅಷ್ಟರೊಳಗೆ ಆಗಲಿಕ್ಕಿಲ್ಲ. ಆದರೆ ಮುಖ್ಯಸ್ಥರನ್ನು ಆರಿಸುವ ಕಾರ್ಯನಿರ್ವಾಹಕ ಮಂಡಳಿಯಲ್ಲಿ ಯಾವ ನಿರ್ದೇಶಕರು ಯಾರಿಗೆ ಮತ ಹಾಕಿದರೆಂಬುದನ್ನು ಹೆಸರು ಸಮೇತ ಪ್ರಕಟಿಸುವುದಕ್ಕಂತೂ ಅಷ್ಟು ಸಮಯ ಬೇಕಿಲ್ಲ. ನಮ್ಮ ಹಣಕಾಸು ಸಚಿವಾಲಯ ಅದನ್ನು ಈಗಲೇ ಕೇಳಲಿ. ಭಾರತದ ಮತ ಯಾರಿಗೆ ಹೋಯಿತು, ಏಕೆ ಹೋಯಿತು ಎಂಬುದನ್ನು ಮೊದಲು ಸಂಸತ್ತಿನ ಮುಂದಿಡಲಿ.

ಇತಿ,
ನಿಮ್ಮ ಓದುಗ