ಶನಿವಾರಕ್ಕೆ ಮೊದಲು ಇದನ್ನು ಓದು, ಮಗಳೇ

ಮಗಳೇ,

ನಿನ್ನೆ ಫೋನಿನಲ್ಲಿ ಕೂಗಾಡಿಬಿಟ್ಟೆ. ನೀನು ಫೋನ್ ಇಟ್ಟೆ. ಆಮೇಲೆ ಅಮ್ಮ ನನ್ನ ಹತ್ತಿರ ಮಾತಾಡಿಲ್ಲ. ರಾತ್ರಿ ನಿದ್ದೆ ಬರಲಿಲ್ಲ, ಅದಕ್ಕೇ ಬರೆಯಲು ಕೂತೆ. ಬರೆಯುವಾಗ ದನಿ ಏರುವುದಿಲ್ಲ ಅಲ್ವಾ.

ಶನಿವಾರ ಮೋಂ ಸೇಂ ಮಿಶೆಲ್‌ಗೆ, ಫ್ರಾನ್ಸಿನ ಕಡಲ ಕೊಲ್ಲಿಯ ನಡುವಿನ ಆ ಮಠದ ಗುಡ್ಡಕ್ಕೆ, ನೀನು ಸೇತುವೆ ಬಿಟ್ಟು, ಜನೇ ಊರಿನ ಕಡೆಯಿಂದ ಮರಳಿನ ಮೇಲೆ ನಡೆದೇ ಹೋಗುತ್ತೇವೆ ಅಂದೆ. ಹಳೇ ಕಾಲದ ಯಾತ್ರಿಕರು ಹಾಗೇ ಹೋಗುತ್ತಿದ್ದರು ಅಂದೆ. ನಿಜ, ಒಪ್ಪಿದೆ. ಆಮೇಲೆ, ಗೈಡ್ ಯಾಕೆ, ಫೋನಿನಲ್ಲಿ ಮ್ಯಾಪ್ ಇದೆ ಅಂದೆ. ಅಲ್ಲಿಗೆ ನನಗೆ ತಡೆಯಲಾಗಲಿಲ್ಲ.

ನಾವು ಮೂವರೂ ಅಲ್ಲಿಗೆ ಹೋಗಿದ್ದಾಗ ಮಠದೊಳಗಿನ ಕಂಬಸಾಲಿನ ಕೈಸಾಲೆಯಲ್ಲಿ ನಿಂತು ನಾನು ನಿನಗೆ ಅಂದ ಮಾತು ನಿನಗೂ ನೆನಪಿದೆ, ನನಗೂ ನೆನಪಿದೆ. ಮತ್ತೆ ಬರೆಯುವುದಿಲ್ಲ. ತಪ್ಪು ನನ್ನದು.

ಇವತ್ತು ಹೇಳಬೇಕಾದ್ದು ಬೇರೆ. ಗಂಗೊಳ್ಳಿಯ ಅಳಿವೆಯಲ್ಲಿ ನಿನ್ನನ್ನು ಹೆಗಲ ಮೇಲೆ ಹೊತ್ತು ನೀರು ದಾಟಿದ್ದನ್ನು ನೀನು ಎಲ್ಲರಿಗೂ ನಗುತ್ತಾ ಹೇಳುತ್ತೀಯ. ಆನೆ ಮೇಲೆ ಕೂತ ಹಾಗಿತ್ತು ಅಂತೀಯ. ನಾನೂ ಸುಮ್ನೆ ಕೇಳಿಸಿಕೊಂಡು ಇದ್ದುಬಿಟ್ಟೆ. ನೀನಾಗ ಒಂದನೇ ಕ್ಲಾಸು.

ಅವತ್ತು ಇಳಿತ ನೋಡಿಕೊಂಡೇ ಮರಳ ದಿಣ್ಣೆಗೆ ಹೋಗಿದ್ದೆವು. ನೀನು ಚಿಪ್ಪು ಹೆಕ್ಕುತ್ತಿದ್ದೆ. ನಾನು ಅಲ್ಲೇ ಹುಟ್ಟಿ ಬೆಳೆದವನು, ನೀರು ನನಗೆ ಗೊತ್ತು ಅಂದುಕೊಂಡಿದ್ದೆ. ಆದರೆ ಭರತ ಎದುರಿನಿಂದ ಬರಲೇ ಇಲ್ಲ. ಎದುರಿಗೆ ಮರಳು ಒಣಗಿಯೇ ಇತ್ತು. ನಮ್ಮ ಬೆನ್ನ ಹಿಂದಿನ ತಗ್ಗಿನಲ್ಲಿ ನೀರು ಸದ್ದಿಲ್ಲದೆ ತುಂಬಿತ್ತು. ಹೋಗುವಾಗ ಮೊಣಕಾಲಿಗೂ ಬಾರದ ನೀರು ಬರುವಾಗ ಎದೆಮಟ್ಟ. ನಡು ನೀರಿನಲ್ಲಿ ನನ್ನ ಎಡಗಾಲು ಕೆಸರಿನಲ್ಲಿ ಹೂತುಹೋಯಿತು. ಎಳೆದೆ, ಬರಲಿಲ್ಲ. ನೀನು ನನ್ನ ಕೂದಲು ಹಿಡಿದುಕೊಂಡು "ಅಪ್ಪಾ, ನಡಿ" ಅನ್ನುತ್ತಿದ್ದೆ. ನಾನು ಮುಳುಗಿದರೆ ನಿನ್ನನ್ನು ಯಾವ ಕಡೆಗೆ ಎಸೆಯಬೇಕು ಅಂತ ಆಗ ನೋಡುತ್ತಿದ್ದೆ. ಎಂಟು ಹತ್ತು ಉಸಿರಿನ ಹೊತ್ತು ಇರಬಹುದು. ಕೊನೆಗೆ ಚಪ್ಪಲಿ ಅಲ್ಲೇ ಉಳಿಯಿತು, ಕಾಲು ಬಂತು.

ಅಮ್ಮನಿಗೆ ಚಪ್ಪಲಿ ಕಳೆಯಿತು ಅಂತಷ್ಟೇ ಹೇಳಿದೆ.

ಮೋಂ ಸೇಂ ಮಿಶೆಲ್ ನೋಡಿದ ಮಾರನೇ ದಿನ ಬಯೂ ಊರಿನಲ್ಲಿ ಆ ಉದ್ದದ ಕಸೂತಿ ಬಟ್ಟೆ ತೋರಿಸಿದೆಯಲ್ಲ. ಸುಮಾರು 70 ಮೀಟರ್ ಉದ್ದ, 11ನೇ ಶತಮಾನದ್ದು. ನಾನು ಒಂದು ಕಡೆ ನಿಂತುಬಿಟ್ಟೆ. ಕಾಲುನೋವಾ ಅಪ್ಪಾ ಅಂತ ಕೇಳಿದೆ. ಹೂಂ ಅಂದೆ. ಕಾಲುನೋವಲ್ಲ ಮಗಳೇ. ಅದರಲ್ಲಿ ಹೆರಾಲ್ಡ್, ಇಂಗ್ಲೆಂಡಿನ ರಾಜನಾಗಿ 1066ರಲ್ಲಿ ಹೇಸ್ಟಿಂಗ್ಸ್ ಯುದ್ಧದಲ್ಲಿ ಸತ್ತನಲ್ಲ, ಅವನು ಮರಳಿನಲ್ಲಿ ಸಿಕ್ಕಿಕೊಂಡ ಸೈನಿಕರನ್ನು ಎಳೆಯುತ್ತಿದ್ದಾನೆ. ಒಬ್ಬ ಬೆನ್ನ ಮೇಲೆ, ಇನ್ನೊಬ್ಬನ ಕೈ ಹಿಡಿದಿದ್ದಾನೆ. ಮೇಲ್ಗಡೆ ಗುಡ್ಡದ ಮೇಲೆ ಅದೇ ಮಠ. ಜಾಗ ಅದೇ ಕೊಲ್ಲಿ. ನನಗೆ ಆ ಬೆನ್ನ ಮೇಲಿದ್ದವನು ಕಂಡ, ಅಷ್ಟೇ. ಎಡಗಾಲು ಜುಂ ಅಂದಿತು. ಈಗಲೂ ಒಂದೊಂದು ರಾತ್ರಿ ಆ ಕೆಸರು ಕಾಲನ್ನು ಎಳೆದ ಹಾಗಾಗಿ ಎಚ್ಚರವಾಗುತ್ತದೆ. ನಿನ್ನ ಕೈ ನನ್ನ ಕೂದಲಿನಲ್ಲಿ ಇರುತ್ತದೆ.

ನಮ್ಮ ಕಡಲಿನಲ್ಲಿ ಭರತ ಅಂದರೆ ಹೆಚ್ಚೆಂದರೆ ಆಳೆತ್ತರ. ಅಲ್ಲಿ ದೊಡ್ಡ ಭರತಕ್ಕೆ ನೀರು ಸುಮಾರು 14 ಮೀಟರ್ ಏರುತ್ತದೆ. ನಾಲ್ಕು ಮಾಳಿಗೆಯ ಮನೆ ಮುಳುಗುವಷ್ಟು. ಅಮಾಸೆ, ಹುಣ್ಣಿಮೆ ಕಳೆದು ಒಂದೆರಡು ದಿನಕ್ಕೆ ಜೋರು ಜಾಸ್ತಿ. ಇಳಿತದಲ್ಲಿ ಕಡಲು ಕಣ್ಣಿಗೂ ಕಾಣದಷ್ಟು ದೂರ ಹೋಗುತ್ತದೆ, ಅದೇ ಮೋಸ. ಮೂರು ನದಿಗಳು ಆ ಕೊಲ್ಲಿಗೆ ಸೇರುತ್ತವೆ, ಅವುಗಳ ಹರಿವು ಜಾಗ ಬದಲಿಸುತ್ತಲೇ ಇರುತ್ತದೆ. ನಿನ್ನ ಮ್ಯಾಪ್‌ಗೆ ಅದು ಹೇಗೆ ಗೊತ್ತಾಗಬೇಕು? ಮಂಜು ಕವಿದರೆ ಮಠವೇ ಕಾಣುವುದಿಲ್ಲ, ದಿಕ್ಕು ತಪ್ಪುತ್ತದೆ. ಅಲ್ಲಿನ ಗೈಡ್‌ಗಳು ದಿನಾ ಆ ಮರಳು ತುಳಿದವರು. ಕಾಲು ಹೂತರೆ ಜೋರಾಗಿ ಎಳೆಯಬೇಡ. ಹಿಂದಕ್ಕೆ ಒರಗು, ಮೆಲ್ಲಗೆ ಅಲ್ಲಾಡಿಸಿ ಬಿಡಿಸಿಕೋ. ಕೆಸರಿನಲ್ಲಿ ನಿಂತು ಫೋಟೋ ತೆಗೆಯಬೇಡ. ಬಾಟಲಿ ನೀರು ಇರಲಿ. ಸಂಜೆಯಾದರೆ ಬೇಡವೇ ಬೇಡ.

ನೋಡು, ಮತ್ತೆ ಶುರು ಮಾಡಿದೆ. ಉಪದೇಶ ಮಾಡಬಾರದು ಅಂತಲೇ ಕೂತಿದ್ದೆ.

ಇದನ್ನೂ ಹೇಳಬೇಕು. ಮಠ ನೋಡಿದ ದಿನ ನೀನು ಅಮ್ಮನಿಗೆ ಕನ್ನಡದಲ್ಲಿ ಎಲ್ಲ ವಿವರಿಸುತ್ತಿದ್ದುದನ್ನು ನಾನು ಹಿಂದೆ ನಿಂತು ಕೇಳುತ್ತಿದ್ದೆ. ಸನ್ಯಾಸಿಗಳು 966ರಲ್ಲಿ ಬಂದದ್ದು. ಕೈದಿಗಳು ಒಳಗೆ ನಡೆದು ತಿರುಗಿಸಿ ಸಾಮಾನು ಎತ್ತುತ್ತಿದ್ದ ಆ ದೊಡ್ಡ ಚಕ್ರ, 1863ರವರೆಗೂ ಅಲ್ಲಿ ಜೈಲು ಇದ್ದದ್ದು. ಕೈಸಾಲೆ ಮುಗಿದದ್ದು 1228ರಲ್ಲಿ, ಕೆಳಗೆ ಹಜಾರಗಳು ಇರುವುದರಿಂದ ಭಾರ ಆಗಬಾರದು ಅಂತ ಅಷ್ಟು ತೆಳ್ಳಗಿನ ಕಂಬ. ಎರಡು ಸಾಲಿನ ಕಂಬ ಎದುರುಬದುರು ಬರದೆ ಒಂದರ ಸಂದಿಗೆ ಇನ್ನೊಂದು ಬರುವುದನ್ನು ಬೆರಳಿಟ್ಟು ತೋರಿಸಿದೆ. ಪಶ್ಚಿಮದ ಗೋಡೆಯ ಆ ಮೂರು ಬಾಗಿಲು, ಆಚೆ ಕಟ್ಟಬೇಕೆಂದಿದ್ದ ಹಜಾರ ಕಟ್ಟಲೇ ಇಲ್ಲ, ಈಗ ಗಾಜಿನಾಚೆ ಬರೀ ಆಕಾಶ, ಕಡಲು. ನನಗೆ ಎಷ್ಟು ಹೆಮ್ಮೆಯಾಯಿತು ಅಂದರೆ ಗಂಟಲು ಕಟ್ಟಿತು. ಹೇಳುವ ಬದಲು ಆ ಮಾತು ಆಡಿದೆ. ಯಾಕೆ ಅಂತ ನನಗೇ ಅರ್ಥವಾಗಿಲ್ಲ. ನೀನು ಒಬ್ಬಳೇ ಅಷ್ಟು ಹೊತ್ತು ಆ ಗಾಜಿನ ಹತ್ತಿರ ನಿಂತದ್ದು ನೋಡಿ ಭಯವಾಗಿತ್ತೋ ಏನೋ.

ಹೋಗಬೇಡ ಅನ್ನುವುದಿಲ್ಲ. ನಡೆದೇ ಹೋಗು. ಗೈಡ್ ಜೊತೆ ಹೋಗು, ಅಷ್ಟು ಮಾಡು. ದಡ ಸೇರಿದ ತಕ್ಷಣ ಅಮ್ಮನಿಗೆ ಫೋನ್ ಮಾಡು. ಚಪ್ಪಲಿಯ ವಿಷಯ ಅವಳಿಗೆ ಇವತ್ತೇ ಹೇಳುತ್ತೇನೆ. ನಿನ್ನ ಬಾಯಿಂದ ಗೊತ್ತಾಗುವುದು ಬೇಡ.

ನಿನ್ನ
ಅಪ್ಪ