ಭುಜದ ಕೇಸು ಮುಗಿಯಿತು, ಎಲ್ಲರಿಗೂ ಥ್ಯಾಂಕ್ಸ್

ಅಂತೂ ಲಸಿಕೆ ಚುಚ್ಚಿದ್ದರಿಂದ ಭುಜಕ್ಕೆ ತೊಂದರೆಯಾಯಿತು ಅಂತ ಸರ್ಕಾರದಿಂದ ಪರಿಹಾರ ಕೇಳಿ ಹಾಕಿದ್ದ ನನ್ನ ಕೇಸು ರಾಜಿಯಲ್ಲಿ ಮುಗಿಯಿತು. ಪರಿಹಾರದ ಹಣವೂ ಬಂತು. ಎಷ್ಟು ಅಂತ ಕೇಳಬೇಡಿ, ಲಸಿಕೆ ಕೇಸು ನೋಡುವ ಅಮೆರಿಕದ ಈ ಕೋರ್ಟಿನ ತೀರ್ಪುಗಳು ಗುಟ್ಟೇನಲ್ಲ, ಅಷ್ಟು ಕುತೂಹಲ ಇದ್ದವರು ಹುಡುಕಿಕೊಳ್ಳಬಹುದು!

ಗೊತ್ತಿಲ್ಲದವರಿಗೆ: ಫ್ಲೂ ಇಂಜೆಕ್ಷನ್ನನ್ನು ತೋಳಿನಲ್ಲಿ ತೀರಾ ಮೇಲಕ್ಕೆ ಚುಚ್ಚಿದರು ಅನ್ನುವುದು ನನ್ನ ದೂರು. ಮಾರನೇ ದಿನದಿಂದ ಎಡಗೈ ಮೇಲೇಳಲಿಲ್ಲ. ಜಡೆ ಹಾಕಿಕೊಳ್ಳುವುದಕ್ಕೂ ಯಜಮಾನರನ್ನೇ ಕರೆಯಬೇಕಿತ್ತು, ಪಾಪ, ಅವರು ಹಾಕಿದ ಜಡೆ ನೋಡಿ ಆಫೀಸಿನಲ್ಲಿ ಎಲ್ಲರೂ ನಕ್ಕಿದ್ದಾರೆ. ಹೀಗೆ ಲಸಿಕೆ ಚುಚ್ಚಿದ್ದರಿಂದ ಭುಜಕ್ಕೆ ಆಗುವ ಗಾಯಕ್ಕೆ ಇಲ್ಲಿ 'ಸಿರ್ವಾ' ಅಂತ ಹೆಸರು. ತೊಂದರೆ ಲಸಿಕೆಯ ಮದ್ದಿನದಲ್ಲ, ಸೂಜಿ ಹೋದ ಜಾಗದ್ದು.

ಮೊದಲ ಥ್ಯಾಂಕ್ಸ್ ನಮ್ಮ ಡಾಕ್ಟರಿಗೆ. ಮೊದಲ ಸಲ ಹೋದಾಗಲೇ "ಇಂಜೆಕ್ಷನ್ ಆದ ಮಾರನೇ ದಿನದಿಂದ ನೋವು" ಅಂತ ಫೈಲಿನಲ್ಲಿ ಬರೆದಿಟ್ಟರು. ನೋವು 48 ಗಂಟೆಯೊಳಗೆ ಶುರುವಾಗಿರಬೇಕು, ಆರು ತಿಂಗಳಿಗಿಂತ ಜಾಸ್ತಿ ಇರಬೇಕು ಅನ್ನುವ ನಿಯಮ ಇರುವುದರಿಂದ ಇಡೀ ಕೇಸು ಆ ಒಂದು ಸಾಲಿನ ಮೇಲೆ ನಿಂತಿತ್ತು. ಮನೆಗೆ ಬಂದು ಹೋಗುತ್ತಿದ್ದ ಕನ್ನಡ ಸಂಘದ ಗೆಳತಿಯರು ತಾವು ಕಣ್ಣಾರೆ ಕಂಡಿದ್ದನ್ನು ಅಫಿಡವಿಟ್ಟಿನಲ್ಲಿ ಬರೆದು ಸಹಿ ಹಾಕಿದರು. ಫಿಸಿಯೋಥೆರಪಿಯವರ ಬೈಗುಳಕ್ಕೂ ಥ್ಯಾಂಕ್ಸ್, ಈಗ ಮೇಲಿನ ಶೆಲ್ಫಿನ ಡಬ್ಬ ಸಿಗುತ್ತದೆ.

ವಕೀಲರು ನನ್ನಿಂದ ಒಂದು ಡಾಲರೂ ತೆಗೆದುಕೊಳ್ಳಲಿಲ್ಲ. ಅವರ ಫೀಸು ಬೇರೆಯಾಗಿ ಸರ್ಕಾರದ ಲಸಿಕೆ ಪರಿಹಾರ ನಿಧಿಯಿಂದಲೇ ಹೋಗುತ್ತದೆ. 1988ರಿಂದ ನಡೆಯುತ್ತಿರುವ ಈ ನಿಧಿಗೆ ಪ್ರತಿ ಫ್ಲೂ ಡೋಸಿನ ಮೇಲೆ 75 ಸೆಂಟ್ ತೆರಿಗೆ ಸೇರುತ್ತದೆ. ಅಂದರೆ ಇಂಜೆಕ್ಷನ್ ತೆಗೆದುಕೊಂಡ ಗುರುತು ಪರಿಚಯವಿಲ್ಲದ ಎಷ್ಟೋ ಜನರ ದುಡ್ಡು ನನ್ನ ಕೈ ಸೇರಿದೆ, ಅವರಿಗೆ ಹೇಗೆ ಥ್ಯಾಂಕ್ಸ್ ಹೇಳುವುದು ಅಂತ ತಿಳಿಯುತ್ತಿಲ್ಲ.

ಒಂದು ಮಾತು. ರಾಜಿ ಅಂದರೆ ಸರ್ಕಾರ ತಪ್ಪು ಒಪ್ಪಿಕೊಂಡಿತು ಅಂತಲ್ಲ. ಲಸಿಕೆಯಿಂದಲೇ ಆಯಿತು ಅನ್ನುವುದನ್ನು ಅವರು ಒಪ್ಪುವುದಿಲ್ಲ ಅಂತ ರಾಜಿ ಪತ್ರದಲ್ಲೇ ಇದೆ. ನನಗೆ ಅದರಿಂದ ಸ್ವಲ್ಪ ಬೇಜಾರಾಯಿತು, ಆದರೆ ವರ್ಷಗಟ್ಟಲೆ ವಾದ ಮಾಡುವುದಕ್ಕಿಂತ ಇದೇ ವಾಸಿ ಅನ್ನಿಸಿತು. ಹಾಗಾಗಿ ದಯವಿಟ್ಟು ನನ್ನ ಹೆಸರಿನಲ್ಲಿ "ಲಸಿಕೆ ಹಾಕಿಸಬೇಡಿ" ಅಂತ ವಾಟ್ಸಾಪಿನಲ್ಲಿ ಸುಮ್ನೆ ಹಂಚಬೇಡಿ. ಈ ವರ್ಷವೂ ನಾನು ಫ್ಲೂ ಲಸಿಕೆ ಹಾಕಿಸಿಕೊಂಡೆ, ಬಲಗೈಗೆ, ಕುರ್ಚಿಯಲ್ಲಿ ಕೂತು, ತೋಳನ್ನು ಪೂರ್ತಿ ಬಿಚ್ಚಿ ತೋರಿಸಿ.

ಇಲ್ಲಿ ಯಾರಿಗಾದರೂ ಹೀಗಾಗಿದ್ದರೆ, ನೋವು ಶುರುವಾದ ದಿನದಿಂದ ಮೂರು ವರ್ಷದೊಳಗೆ ಅರ್ಜಿ ಹಾಕಬೇಕು. ಕೋವಿಡ್ ಲಸಿಕೆಗೆ ಬೇರೆಯದೇ ಯೋಜನೆ, ಅಲ್ಲಿ ಲಸಿಕೆ ಹಾಕಿಸಿಕೊಂಡ ದಿನದಿಂದ ಒಂದೇ ವರ್ಷ. ಏನಾದರೂ ಕೇಳುವುದಿದ್ದರೆ ಫೋನ್ ಮಾಡಿ, ರಾತ್ರಿ ಮಕ್ಕಳು ಮಲಗಿದ ಮೇಲೆ ಸಿಗುತ್ತೇನೆ.